ಹಳೆಯ ಕಟ್‌ನ ವಜ್ರ ಗುರುತಿಸಿ ಉಂಗುರಕ್ಕೆ ಆರಿಸುವುದು: ಮೊದಲು ಏನು ನೋಡಬೇಕು, ಕೊನೆಗೆ ಏನು

ಹಳೆಯ ಕಟ್‌ನ, ಅಂದರೆ ಹಿಂದಿನ ಕಾಲದಲ್ಲಿ ಕೈಯಲ್ಲಿ ಸಾಣೆ ಹಿಡಿದು ರೂಪಿಸಿದ ವಜ್ರ ಕೊಳ್ಳಲು ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ಪ್ರಮಾಣಪತ್ರ ಓದಿ, ಬಣ್ಣದ ಅಕ್ಷರ ನೋಡಿ, ತೂಕ ಕೇಳಿ, ಎಲ್ಲ ಮುಗಿದ ಮೇಲೆ ಹರಳನ್ನು ನೋಡುತ್ತಾರೆ. ಇವತ್ತಿನ ದುಂಡು ಬ್ರಿಲಿಯಂಟ್ ಕಟ್‌ಗೆ ಈ ಕ್ರಮ ಹೇಗೋ ನಡೆಯುತ್ತದೆ, ಏಕೆಂದರೆ ಒಂದೇ ದರ್ಜೆಯ ಎರಡು ಹರಳುಗಳು ಸುಮಾರಾಗಿ ಒಂದೇ ರೀತಿ ಹೊಳೆಯುತ್ತವೆ. ಕೈಯಲ್ಲಿ ಸಾಣೆ ಹಿಡಿದ ಹರಳುಗಳಲ್ಲಿ ಹಾಗಿಲ್ಲ. ಪತ್ರದಲ್ಲಿ ಒಂದೇ ದರ್ಜೆ ಇರುವ ಎರಡರಲ್ಲಿ ಒಂದು ಕುಣಿಯುತ್ತದೆ, ಇನ್ನೊಂದು ಸತ್ತಂತೆ ಬಿದ್ದಿರುತ್ತದೆ. ಹಾಗಾಗಿ ಇಲ್ಲಿ ಕ್ರಮ ತಿರುವುಮುರುವು: ಮೊದಲು ಆಕಾರ, ಆಮೇಲೆ ಅಂಚು, ಆಮೇಲೆ ಬೆಳಕು, ಪತ್ರ ಎಲ್ಲಕ್ಕಿಂತ ಕೊನೆಗೆ.

## ಕೈಯಲ್ಲಿ ಏನಿರಬೇಕು

- 10 ಪಟ್ಟು ದೊಡ್ಡದು ಮಾಡುವ, ಮೂರು ಮಸೂರದ ಲೂಪ್. ಕವಚ ಕಪ್ಪು ಬಣ್ಣದ್ದಿರಲಿ. ಚಿನ್ನದ ಬಣ್ಣದ ಕವಚದ ಹಳದಿ ಛಾಯೆ ಹರಳಿನೊಳಗೆ ಬಿದ್ದು ಕಣ್ಣನ್ನು ಮೋಸಗೊಳಿಸುತ್ತದೆ. 20 ಅಥವಾ 30 ಪಟ್ಟಿನದು ಬೇಡ. ನೋಟದ ಹರವು ಕಿರಿದಾಗಿ, ಏನು ನೋಡುತ್ತಿದ್ದೀರೆಂದೇ ತಿಳಿಯುವುದಿಲ್ಲ.
- 0.01 ಮಿ.ಮೀ. ತೋರಿಸುವ ಡಿಜಿಟಲ್ ಕ್ಯಾಲಿಪರ್.
- ಹರಳು ಹಿಡಿಯುವ ಚಿಮಟ.
- ಮಧ್ಯಕ್ಕೆ ಮಡಿಚಿದ, ಹೊಳಪಿಲ್ಲದ ಬಿಳಿ ಕಾರ್ಡು.
- 365 ನ್ಯಾನೋಮೀಟರ್‌ನ ಯುವಿ ಟಾರ್ಚ್.
- ಎಳೆ ಬಿಡದ ಬಟ್ಟೆ, ಮೆದು ಬ್ರಷ್, ಪಾತ್ರೆ ತೊಳೆಯುವ ಸೌಮ್ಯ ದ್ರವ.

ಲೂಪನ್ನು ಹರಳಿನ ಹತ್ತಿರ ಹಿಡಿದು ದೂರದಿಂದ ಇಣುಕುವುದು ಹೊಸಬರ ಅಭ್ಯಾಸ. ಲೂಪ್ ಕಣ್ಣಿಗೆ ಅಂಟಿಕೊಂಡಂತಿರಬೇಕು, ಹರಳು ಅದರಿಂದ ಸುಮಾರು 2.5 ಸೆಂ.ಮೀ. ದೂರದಲ್ಲಿರಬೇಕು. ಎರಡೂ ಕೈ ಒಂದಕ್ಕೊಂದು ಆತುಕೊಂಡಿದ್ದರೆ ನಡುಗುವುದಿಲ್ಲ. ಎರಡೂ ಕಣ್ಣು ತೆರೆದೇ ಇರಲಿ.

## ಹಂತ 1: ತೊಳೆಯುವ ಮೊದಲು ಹಿಂಬದಿ ನೋಡಿ

ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ. ಬೆರಳು ತಾಗಿದ ಹರಳಿನ ಬಣ್ಣವನ್ನಾಗಲಿ ಹೊಳಪನ್ನಾಗಲಿ ಅಳೆಯಲಾಗದು, ಆದ್ದರಿಂದ ತೊಳೆಯಲೇಬೇಕು. ಆದರೆ ಹರಳು ಹಳೆಯ ಉಂಗುರದಲ್ಲೇ ಕೂತಿದ್ದರೆ ಮೊದಲು ಉಂಗುರ ತಿರುಗಿಸಿ ನೋಡಿ. ಹಿಂಬದಿ ತೆರೆದಿದ್ದು ಹರಳಿನ ಬುಡ ಕಾಣುತ್ತಿದ್ದರೆ ಉಗುರುಬೆಚ್ಚಗಿನ ನೀರು, ಸೋಪು, ಮೆದು ಬ್ರಷ್ ಸಾಕು.

ಹಿಂಬದಿ ಲೋಹದಿಂದ ಮುಚ್ಚಿದ್ದರೆ ನೀರು ತಾಗಿಸಲೇಬೇಡಿ. ಅಂಥ ಕೂರಿಕೆಯಲ್ಲಿ ಹರಳಿನ ಕೆಳಗೆ ತೆಳುವಾದ ಹೊಳಪಿನ ಹಾಳೆ ಇಟ್ಟಿರುವುದುಂಟು. ಒಳಗೆ ತೇವ ಸೇರಿದರೆ ಹಾಳೆ ಕಪ್ಪಾಗುತ್ತದೆ, ಹರಳು ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಒಣ ಬಟ್ಟೆಯಲ್ಲಿ ಮೇಲ್ಭಾಗ ಒರೆಸಿ, ಅಷ್ಟೇ. ಇಂಥ ಹರಳಿನ ನಿಜವಾದ ಬಣ್ಣ ಬಿಚ್ಚುವವರೆಗೂ ತಿಳಿಯುವುದಿಲ್ಲ. ಕಾಣುವುದರಲ್ಲಿ ಅರ್ಧ ಹಾಳೆಯ ಬಣ್ಣವೇ.

## ಹಂತ 2: ಮೇಲಿನಿಂದಲ್ಲ, ಬದಿಯಿಂದ ನೋಡಿ

ಎಲ್ಲರೂ ಹರಳನ್ನು ಮೇಲಿನಿಂದ ನೋಡುತ್ತಾರೆ. ಹಳೆಯ ಕಟ್‌ನ ಗುರುತು ಮೊದಲು ಸಿಗುವುದು ಬದಿಯಲ್ಲಿ.

ಐದು ಭಾಗಗಳ ಹೆಸರು ತಿಳಿದಿರಲಿ. ಮೇಲಿನ ಚಪ್ಪಟೆ ಮುಖ ಟೇಬಲ್. ಟೇಬಲ್‌ನಿಂದ ಸುತ್ತಳತೆಯ ಅಂಚಿನವರೆಗಿನ ಇಳಿಜಾರು ಕ್ರೌನ್. ಆ ಅಂಚೇ ಗರ್ಡಲ್, ಅಂದರೆ ಹರಳಿನ ನಡುಪಟ್ಟಿ. ಅದರ ಕೆಳಗೆ ತುದಿಯವರೆಗಿನ ಭಾಗ ಪೆವಿಲಿಯನ್. ತುದಿಯಲ್ಲಿ ಚೂಪಿನ ಬದಲು ಪುಟ್ಟದೊಂದು ಚಪ್ಪಟೆ ಮುಖವಿದ್ದರೆ ಅದು ಕ್ಯುಲೆಟ್.

ಬದಿಯಿಂದ ನೋಡಿದಾಗ ಹಳೆಯ ಹರಳಿನ ಕ್ರೌನ್ ಎತ್ತರವಾಗಿ, ಕಡಿದಾಗಿ, ಗುಡ್ಡದಂತೆ ಏರಿರುತ್ತದೆ, ಟೇಬಲ್ ಅದರ ನೆತ್ತಿಯಲ್ಲಿ ಚಿಕ್ಕದಾಗಿ ಕೂತಿರುತ್ತದೆ. ಹೊಸ ಹರಳಿನಲ್ಲಿ ಇಳಿಜಾರು ತಗ್ಗು, ಟೇಬಲ್ ಅಗಲ.

ಟೇಬಲ್ ಅಳೆಯಲು ಕ್ಯಾಲಿಪರ್ ತಾಗಿಸಬೇಡಿ. ನೇರ ಮೇಲಿನಿಂದ ಫೋಟೋ ತೆಗೆದು, ತೆರೆಯ ಮೇಲೆ ದೊಡ್ಡದು ಮಾಡಿ ಸ್ಕೇಲ್ ಇಡಿ. ಹರಳಿನ ವ್ಯಾಸ ತೆರೆಯ ಮೇಲೆ 120 ಮಿ.ಮೀ., ಟೇಬಲ್ 58 ಮಿ.ಮೀ. ಇದ್ದರೆ 58ನ್ನು 120ರಿಂದ ಭಾಗಿಸಿ 100ರಿಂದ ಗುಣಿಸಿ: ಟೇಬಲ್ ಶೇ. 48. ಕ್ಯಾಮೆರಾ ಸ್ವಲ್ಪ ಓರೆಯಾದರೂ ಲೆಕ್ಕ ತಪ್ಪುತ್ತದೆ. ಟೇಬಲ್‌ನ ನಡುವೆಯೇ ಕ್ಯುಲೆಟ್ ಕಾಣುವಂಥ ಫೋಟೋವನ್ನೇ ಬಳಸಿ.

## ಹಂತ 3: ಬುಡ ಮೇಲೆ ಮಾಡಿ ಅರ್ಧಮುಖಗಳ ಉದ್ದ ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವುದು ಈ ಹಂತವನ್ನೇ. “ಕ್ಯುಲೆಟ್ ಕಾಣಿಸಿತು, ಹಾಗಾದರೆ ಹಳೆಯದು” ಎನ್ನುವವರೇ ಹೆಚ್ಚು. ಕ್ಯುಲೆಟ್ ಒಂದು ಸುಳಿವು ಮಾತ್ರ, ಹೊಸದಾಗಿ ಕತ್ತರಿಸಿದ ಹರಳಿಗೂ ಅದನ್ನು ಇಡಬಹುದು.

ಹರಳನ್ನು ಬೋರಲು ಮಲಗಿಸಿ ಬುಡದಿಂದ ನೋಡಿ. ಕ್ಯುಲೆಟ್‌ನಿಂದ ಗರ್ಡಲ್‌ನತ್ತ ಎಂಟು ಮುಖ್ಯ ಮುಖಗಳು ಹರಡಿರುತ್ತವೆ. ಅವುಗಳ ನಡುವೆ, ಗರ್ಡಲ್‌ನಿಂದ ಒಳಮುಖವಾಗಿ, ಜೋಡಿ ಜೋಡಿಯಾಗಿ ಹದಿನಾರು ತ್ರಿಕೋನ ಮುಖಗಳು ಬರುತ್ತವೆ. ಇವು ಕೆಳ ಅರ್ಧಮುಖಗಳು. ಕ್ಯುಲೆಟ್‌ನತ್ತ ಇವು ಎಷ್ಟು ದೂರ ಬಂದು ನಿಲ್ಲುತ್ತವೆ ಎಂಬುದೇ ಪ್ರಶ್ನೆ. ಹಳೆಯ ಕಟ್‌ನಲ್ಲಿ ಅರ್ಧ ದಾರಿಗೆ, ಇಲ್ಲವೇ ಸ್ವಲ್ಪ ಮುಂದೆ ನಿಂತುಬಿಡುತ್ತವೆ. ಹೊಸ ದುಂಡು ಬ್ರಿಲಿಯಂಟ್‌ನಲ್ಲಿ ಮುಕ್ಕಾಲು ದಾರಿ ದಾಟುತ್ತವೆ.

ಫೋಟೋದಲ್ಲಿ ಗರ್ಡಲ್‌ನಿಂದ ಕ್ಯುಲೆಟ್‌ನ ನಡುವಿಗೆ 60 ಮಿ.ಮೀ. ಇದ್ದು, ಅರ್ಧಮುಖಗಳು ಗರ್ಡಲ್‌ನಿಂದ 33 ಮಿ.ಮೀ. ಬಂದು ನಿಂತಿದ್ದರೆ ಉದ್ದ ಶೇ. 55.

ಈ ಅಳತೆಗೇಕೆ ಇಷ್ಟು ಮಹತ್ವ? ಅರ್ಧಮುಖ ಗಿಡ್ಡವಾದಷ್ಟೂ ಮುಖ್ಯ ಮುಖ ಅಗಲವಾಗುತ್ತದೆ. ಅಗಲ ಮುಖ ಅಗಲವಾದ ಹೊಳಪನ್ನೇ ಚಿಮ್ಮಿಸುತ್ತದೆ. ಮೇಲಿನಿಂದ ನೋಡಿದರೆ ಹೂವಿನ ಎಸಳಿನಂಥ, ಕೆಲವೊಮ್ಮೆ ಚದುರಂಗದ ಮಣೆಯಂಥ ವಿನ್ಯಾಸ ಕಾಣುತ್ತದೆ. ಅರ್ಧಮುಖ ಉದ್ದವಾದರೆ ಮುಖ್ಯ ಮುಖ ಬಾಣದಂತೆ ಸಣಕಲಾಗಿ, ಹೊಳಪು ಸಣ್ಣ ಸಣ್ಣ ಚೂರುಗಳಾಗಿ ಒಡೆಯುತ್ತದೆ. ಹಳೆಯ ಕಟ್‌ನ ಸೊಬಗು ಎಂದು ಜನ ಹೇಳುವುದು ಬಹುಪಾಲು ಈ ಒಂದು ಅಳತೆಯ ಫಲ.

## ಹಂತ 4: ಈಗ ಹೆಸರಿಡಿ

ಓಲ್ಡ್ ಮೈನ್ ಕಟ್. ಸುತ್ತಳತೆ ದಿಂಬಿನಂತೆ, ಮೂಲೆ ಮೊಂಡಾದ ಚೌಕ. ಎತ್ತರದ ಕ್ರೌನ್, ಪುಟ್ಟ ಟೇಬಲ್, ಆಳದ ಬುಡ, ಬರಿಗಣ್ಣಿಗೇ ಕಾಣುವ ಕ್ಯುಲೆಟ್.

ಓಲ್ಡ್ ಯೂರೋಪಿಯನ್ ಕಟ್. ಸುತ್ತಳತೆ ದುಂಡು, ಉಳಿದ ಲಕ್ಷಣಗಳು ಹೆಚ್ಚುಕಡಿಮೆ ಮೇಲಿನವೇ. ಜಿಐಎ (ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ) ಪ್ರಯೋಗಾಲಯ ಈ ಹೆಸರು ಕೊಡುವಾಗ ನೋಡುವ ಅಳತೆಗಳು ಹೀಗಿವೆ: ಟೇಬಲ್ ಶೇ. 53 ಅಥವಾ ಕಡಿಮೆ, ಕ್ರೌನ್ ಕೋನ 40 ಡಿಗ್ರಿ ಅಥವಾ ಹೆಚ್ಚು, ಕೆಳ ಅರ್ಧಮುಖ ಶೇ. 60 ಅಥವಾ ಕಡಿಮೆ. ಇವುಗಳ ಜೊತೆಗೆ ಕ್ಯುಲೆಟ್‌ನ ಗಾತ್ರ.

ಟ್ರಾನ್ಸಿಷನಲ್ ಕಟ್. ಹಳೆಯದರಿಂದ ಹೊಸದಕ್ಕೆ ದಾಟುವ ಹಾದಿಯಲ್ಲಿ ಹುಟ್ಟಿದ್ದು. ದುಂಡಾಗಿರುತ್ತದೆ, ಕ್ಯುಲೆಟ್ ಚಿಕ್ಕದು, ಟೇಬಲ್ ಸ್ವಲ್ಪ ಅಗಲ, ಅರ್ಧಮುಖ ಹೆಚ್ಚಾಗಿ ಸ್ವಲ್ಪ ಉದ್ದ. ಪತ್ರದಲ್ಲಿ “ಸರ್ಕ್ಯುಲರ್ ಬ್ರಿಲಿಯಂಟ್” ಎಂದಿದ್ದರೆ ಸಾಮಾನ್ಯವಾಗಿ ಇಂಥದ್ದೇ. ಓಲ್ಡ್ ಯೂರೋಪಿಯನ್ ಎಂದು ಹೇಳಿ ಮಾರುವುದು ಹೆಚ್ಚಾಗಿ ಇದನ್ನು. ಹರಳು ಕೆಟ್ಟದ್ದೇನಲ್ಲ, ಹೆಸರು ತಪ್ಪು, ಬೆಲೆಯೂ ಅದಕ್ಕೆ ತಕ್ಕಂತೆ ತಪ್ಪು.

ರೋಸ್ ಕಟ್. ಬುಡ ಚಪ್ಪಟೆ, ಮೇಲ್ಭಾಗ ಗುಮ್ಮಟ, ಅದರ ತುಂಬ ತ್ರಿಕೋನ ಮುಖಗಳು, ಟೇಬಲ್ ಇಲ್ಲ. ತೂಕಕ್ಕೆ ಹೋಲಿಸಿದರೆ ಅಗಲವಾಗಿ ಕಾಣುತ್ತದೆ. ಕಿಡಿ ಕಡಿಮೆ, ನೀರಿನಂಥ ಮೆದು ಹೊಳಪು. ಕುಣಿಯುವ ಬೆಳಕು ಬೇಕೆನ್ನುವವರು ಇದನ್ನು ಕೊಂಡು ನಿರಾಶರಾಗುತ್ತಾರೆ.

ಸಿಂಗಲ್ ಕಟ್. ಮೇಲೆ ಎಂಟು, ಕೆಳಗೆ ಎಂಟು ಮುಖ, ಜೊತೆಗೊಂದು ಟೇಬಲ್. ಪುಟ್ಟ ಪಕ್ಕದ ಹರಳುಗಳಲ್ಲಿ ಕಾಣಸಿಗುತ್ತದೆ.

## ಹಂತ 5: ವಜ್ರವೇ? ವಜ್ರವಾದರೂ ಹಳೆಯದೇ?

ಇವು ಎರಡು ಬೇರೆ ಪ್ರಶ್ನೆಗಳು. ಮೊದಲನೆಯದು ಸುಲಭ.

ಲೂಪ್‌ನಲ್ಲಿ ಮುಖಗಳು ಕೂಡುವ ಗೆರೆಗಳನ್ನು ನೋಡಿ. ವಜ್ರದ ಗೆರೆ ಚೂಪು. ಗಾಜಿನದು ಸವೆದು ಮೊಂಡಾಗಿರುತ್ತದೆ, ಒಳಗೆ ದುಂಡು ಗುಳ್ಳೆಗಳೂ ಇರಬಹುದು. ಕ್ರೌನ್‌ನ ಒಂದು ಮುಖದ ಮೂಲಕ ಓರೆಯಾಗಿ ನೋಡಿದಾಗ ಬುಡದ ಗೆರೆಗಳು ಜೋಡಿಯಾಗಿ ಕಂಡರೆ ಮೊಯಿಸನೈಟ್ ಅಥವಾ ಜಿರ್ಕಾನ್ (ವಜ್ರದಂತೆ ಕಾಣುವ ಬೇರೆ ಹರಳುಗಳು) ಎಂದು ಶಂಕಿಸಿ. ನೇರ ಟೇಬಲ್ ಮೂಲಕ ನೋಡಿದರೆ ಈ ಜೋಡಿಗೆರೆ ಮರೆಯಾಗಬಹುದು. ಕ್ಯೂಬಿಕ್ ಜಿರ್ಕೋನಿಯಾ ಎಂಬ ಕೃತಕ ಹರಳು ಅದೇ ಗಾತ್ರದ ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಗುತ್ತದೆ, ಬಿಡಿ ಹರಳಾದರೆ ತಕ್ಕಡಿಯೇ ಹೇಳಿಬಿಡುತ್ತದೆ. ಶಾಖ ಅಳೆಯುವ ಪೆನ್ ಪರೀಕ್ಷಕ ಮೊಯಿಸನೈಟನ್ನೂ ವಜ್ರವೆನ್ನುತ್ತದೆ, ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವನ್ನಂತೂ ಅನ್ನಲೇಬೇಕು, ಅದೂ ವಜ್ರವೇ ತಾನೆ. ಉಸಿರು ಊದಿ ಮಬ್ಬು ನೋಡುವ ಪರೀಕ್ಷೆಯನ್ನು ನಂಬಿ ದುಡ್ಡು ಕೊಡಬೇಡಿ.

ಕಷ್ಟ ಇರುವುದು ಎರಡನೆಯದರಲ್ಲಿ. ಹಳೆಯ ಕಟ್‌ನ ಆಕಾರದಲ್ಲಿ ಇವತ್ತು ಹೊಸ ವಜ್ರಗಳನ್ನೂ ಬೆಳೆಸಿದ ವಜ್ರಗಳನ್ನೂ ಕತ್ತರಿಸುತ್ತಾರೆ. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ. ಹೇಳದಿದ್ದಾಗ ನೋಡಬೇಕಾದದ್ದು ಇದು:

- ಹಳೆಯ ಹರಳಿನ ಗರ್ಡಲ್ ಹೆಚ್ಚಾಗಿ ಮಂಜು ಹಿಡಿದ ಗಾಜಿನಂತೆ ಒರಟು, ಎಲ್ಲೋ ತೆಳು, ಎಲ್ಲೋ ದಪ್ಪ. ಹೊಳಪು ಕೊಟ್ಟ ಇಲ್ಲವೇ ಪುಟ್ಟ ಮುಖಗಳನ್ನು ಕೊರೆದ ಗರ್ಡಲ್ ಕಂಡರೆ ಹರಳು ಹೊಸದು, ಅಥವಾ ಹಳೆಯದನ್ನು ಮತ್ತೆ ಸಾಣೆಗೆ ಕೊಟ್ಟಿದ್ದಾರೆ.
- ಎಂಟು ಎಸಳೂ ಅಚ್ಚಿನಲ್ಲಿ ಎರೆದಂತೆ ಒಂದೇ ಅಳತೆಯಲ್ಲಿದ್ದರೆ ಅನುಮಾನಿಸಿ. ಹಳೆಯದರಲ್ಲಿ ಒಂದೆರಡು ಮುಖ ಸೊಟ್ಟ, ಕ್ಯುಲೆಟ್ ಕೂದಲೆಳೆಯಷ್ಟು ಆಚೀಚೆ ಇರುವುದು ಸಹಜ.
- ಗರ್ಡಲ್‌ನ ಅಂಚಿನಲ್ಲಿ ಕಚ್ಚಾ ಹರಳಿನ ಮೂಲ ಚರ್ಮದ ತುಣುಕು ಉಳಿದಿದ್ದರೆ ಕತ್ತರಿಸಿದವರು ತೂಕ ಉಳಿಸಲು ಬಿಟ್ಟದ್ದು. ಅದು ದೋಷವಲ್ಲ.
- ಗರ್ಡಲ್ ಮೇಲೆ ಲೇಸರ್ ಅಕ್ಷರಗಳಿದ್ದರೆ ಓದಿ. ಬೆಳೆಸಿದ ವಜ್ರಕ್ಕೆ ಅಲ್ಲೇ ಗುರುತು ಬರೆದಿರುವುದುಂಟು.

ಉಂಗುರ ಹಳೆಯದು ಎಂಬುದು ಹರಳಿಗೆ ಸಾಕ್ಷಿಯಲ್ಲ. ಹಳೆಯ ಉಂಗುರದ ಹರಳು ಎಂದೋ ಬಿದ್ದುಹೋಗಿ ಬೇರೆಯದು ಕೂತಿರಬಹುದು. ಲೋಹದ ಉಗುರುಗಳ ತುದಿ ಹೊಸದಾಗಿದ್ದು, ಹರಳಿಗೂ ಅದರ ಕೂರಿಕೆಗೂ ನಡುವೆ ಸಂದಿ ಕಂಡರೆ ಅದೇ ಕಥೆ. ಬೆಳೆದದ್ದೋ ಬೆಳೆಸಿದ್ದೋ ಎಂಬುದನ್ನು ಲೂಪ್ ಖಚಿತವಾಗಿ ಹೇಳಲಾರದು, ಅದಕ್ಕೆ ಪ್ರಯೋಗಾಲಯವೇ ಬೇಕು.

## ಹಂತ 6: ಗರ್ಡಲ್ ಸುತ್ತ ಒಂದು ಪೂರ್ತಿ ಸುತ್ತು

ಉಂಗುರಕ್ಕೆಂದು ಆರಿಸುವಾಗ ಇದು ಎಲ್ಲಕ್ಕಿಂತ ಮುಖ್ಯ. ಪದಕದಲ್ಲಿ ಅಥವಾ ಓಲೆಯಲ್ಲಿ ಹರಳಿಗೆ ಪೆಟ್ಟು ಕಡಿಮೆ. ಉಂಗುರ ದಿನವೂ ಬಾಗಿಲಿಗೆ, ನಲ್ಲಿಗೆ, ಮೇಜಿಗೆ ತಾಗುತ್ತದೆ. ವಜ್ರ ಗೀರಿಗೆ ಜಗ್ಗದು, ಪೆಟ್ಟಿಗೆ ಸೀಳುತ್ತದೆ. ಸೀಳಿಕೆ ಶುರುವಾಗುವುದು ಬಹುತೇಕ ತೆಳುವಾದ ಗರ್ಡಲ್‌ನಲ್ಲೇ.

ಹರಳನ್ನು ಚಿಮಟದಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಪೂರ್ತಿ ಸುತ್ತು ಹಾಕಿ. ಚಿಮಟ ಮರೆಮಾಡಿದ ಎರಡು ಜಾಗಗಳನ್ನು ನೋಡಲು ಹಿಡಿತ ಬದಲಿಸಿ ಇನ್ನೊಂದು ಸುತ್ತು. ಕಾಗದದ ಮೇಲೆ ಗಡಿಯಾರದಂತೆ ವೃತ್ತ ಬರೆದು ಗಂಟೆಗಳ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳಿ: 2 ಗಂಟೆಗೆ ಚಕ್ಕೆ, 7ಕ್ಕೆ ಬಿರುಕು. ಈ ನಕ್ಷೆ ಕೊನೆಯ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಏನನ್ನು ಒಪ್ಪಬಹುದು? ಪುಟ್ಟ ಚಕ್ಕೆ ಎದ್ದಿದ್ದರೆ ಪರವಾಗಿಲ್ಲ, ಲೋಹದ ಉಗುರಿನ ಕೆಳಗೆ ಮುಚ್ಚಬಹುದು. ಮುಖಗಳ ಗೆರೆ ಅಲ್ಲಲ್ಲಿ ಬೆಳ್ಳಗೆ ಸವೆದಿರುವುದೂ ಪರವಾಗಿಲ್ಲ. ಹಲವು ವಜ್ರಗಳನ್ನು ಒಂದೇ ಪೊಟ್ಟಣದಲ್ಲಿಟ್ಟರೆ ಒಂದನ್ನೊಂದು ಉಜ್ಜಿ ಹಾಗಾಗುತ್ತದೆ.

ಒಪ್ಪಬಾರದ್ದು ಮೂರು. ಗರ್ಡಲ್‌ನಿಂದ ಒಳಕ್ಕೆ ಇಳಿದು, ಮೇಲ್ಮೈಯನ್ನೂ ಮುಟ್ಟಿದ ಉದ್ದದ ಬಿರುಕು. ಸುತ್ತಲೂ ಬ್ಲೇಡಿನಂತೆ ಚೂಪಾದ ಗರ್ಡಲ್. ಹರಳನ್ನು ಆಡಿಸಿದಾಗ ಬಿರುಕಿನೊಳಗೆ ಕಿತ್ತಳೆ, ನೇರಳೆ, ನೀಲಿ ಮಿಂಚು ಬಂದು ಹೋಗುವುದು. ಈ ಕೊನೆಯದು ಬಿರುಕಿಗೆ ಗಾಜಿನಂಥ ವಸ್ತು ತುಂಬಿದ ಸೂಚನೆ. ಬೆಸುಗೆಯ ಶಾಖ ತಾಗಿದರೆ ತುಂಬಿದ್ದು ಹಾಳಾಗಿ ಬಿರುಕು ಹೊರಬೀಳುತ್ತದೆ.

“ಮತ್ತೆ ಸಾಣೆ ಹಿಡಿಸಿ ಸರಿಮಾಡಿಸೋಣ” ಎಂಬ ಸಲಹೆ ಬೇಗ ಬರುತ್ತದೆ. ಒಂದು ಚಕ್ಕೆ ತೆಗೆಯಲು ಗರ್ಡಲ್ ಸುತ್ತ ಸವೆಸಬೇಕು, ವ್ಯಾಸ ತಗ್ಗುತ್ತದೆ, ಮುಖಗಳ ಅಳತೆ ಬದಲಾಗುತ್ತದೆ. ಹಳೆಯ ಕಟ್ ಬೇಕೆಂದು ಕೊಂಡವರು ಅದನ್ನೇ ಅಳಿಸಲು ಕೂಲಿ ಕೊಟ್ಟಂತಾಗುತ್ತದೆ.

## ಹಂತ 7: ಮೂರು ಬೆಳಕಿನಲ್ಲಿ ಆಡಿಸಿ ನೋಡಿ

ಅಂಗಡಿಯ ಚೂಪು ದೀಪದ ಕೆಳಗೆ ಯಾವ ವಜ್ರವೂ ಚೆನ್ನಾಗಿಯೇ ಕಾಣುತ್ತದೆ. ಮೊದಲು ಕಿಟಕಿಯ ಬಳಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ ನೋಡಿ. ಆಮೇಲೆ ಒಂದೇ ದೀಪವಿರುವ ಮಬ್ಬು ಕೋಣೆಯಲ್ಲಿ. ಕೊನೆಗೆ ಚೂಪು ದೀಪದಡಿ. ಪ್ರತಿ ಸಲವೂ ಕಣ್ಣಿನಿಂದ 25–30 ಸೆಂ.ಮೀ. ದೂರ ಹಿಡಿದು ನಿಧಾನವಾಗಿ ಆಡಿಸಿ, ಏಕೆಂದರೆ ಉಂಗುರವನ್ನು ಯಾರೂ ಲೂಪ್‌ನಲ್ಲಿ ನೋಡುವುದಿಲ್ಲ.

ಒಳ್ಳೆಯ ಹರಳಿನಲ್ಲಿ ಕಪ್ಪು ತುಂಡುಗಳೂ ಬಿಳಿ ತುಂಡುಗಳೂ ಜಾಗ ಬದಲಿಸುತ್ತಲೇ ಇರುತ್ತವೆ. ಈಗ ಕಪ್ಪಾಗಿದ್ದ ಎಸಳು ಮರುಕ್ಷಣ ಬೆಳಗಬೇಕು. ಮಬ್ಬು ಬೆಳಕಿನಲ್ಲೂ ಆಗಾಗ ಅಗಲವಾದ ಬಣ್ಣದ ಮಿಂಚು ಏಳಬೇಕು. ನಾಲ್ಕು ಎಚ್ಚರಿಕೆಗಳು:

ಸತ್ತ ಜಾಗ. ಆಡಿಸಿದರೂ ಬೂದಿಯಾಗಿಯೇ ಉಳಿಯುವ ಭಾಗ. ಬೆಳಕು ಬುಡದಿಂದ ಸೋರಿಹೋಗುತ್ತಿದೆ. ಬಣ್ಣದ ಕಾಗದದ ಮೇಲೆ ಹರಳಿಟ್ಟರೆ ಆ ಭಾಗದಲ್ಲಿ ಕಾಗದದ ಬಣ್ಣ ಇಣುಕುತ್ತದೆ.

ಮೀನುಗಣ್ಣು. ಟೇಬಲ್‌ನ ಒಳಗೇ ಗರ್ಡಲ್‌ನ ಬೂದು ಉಂಗುರ ಪ್ರತಿಬಿಂಬಿಸಿದರೆ ಬುಡ ತೀರಾ ತಗ್ಗಿದೆ.

ಮೊಳೆತಲೆ. ನಡುವೆ ಸದಾ ಕಪ್ಪು ಚುಕ್ಕೆ, ಟೇಬಲ್ ತುಂಬುವಷ್ಟು. ಬುಡ ತೀರಾ ಆಳವಾಗಿದೆ.

ಹಾಲುಮಬ್ಬು. ಯುವಿ ಟಾರ್ಚ್ ಹಿಡಿದಾಗ ಗಾಢ ನೀಲಿ ಹೊಳೆಯುವ ಹರಳು ಬಿಸಿಲಿನಲ್ಲಿ ಬೆಳ್ಳಗೆ ಕಾಣುವುದು ಲಾಭವೇ. ಆದರೆ ಕೆಲವು ಹಾಗೆ ಹೊಳೆಯುವಾಗ ಮಸುಕಾಗುತ್ತವೆ. ಟಾರ್ಚ್ ನೋಡಿಯೇ ತಿರಸ್ಕರಿಸಬೇಡಿ, ಹಗಲಿಗೆ ಒಯ್ದು ನೋಡಿ ತೀರ್ಮಾನಿಸಿ.

ಟೇಬಲ್ ನಡುವೆ ಕಾಣುವ ಕ್ಯುಲೆಟ್‌ನ ಪುಟ್ಟ ಕಿಂಡಿ ದೋಷವಲ್ಲ. ಒಂದು ಕೋನದಲ್ಲಿ ಅದರ ಬಿಂಬ ಸುತ್ತಲೂ ಹಲವಾಗಿ ಮೂಡುತ್ತದೆ. ಆದರೆ ಅದು ಇಷ್ಟವಿಲ್ಲದವರು ಹಳೆಯ ಕಟ್ ಕೊಳ್ಳದಿರುವುದೇ ವಾಸಿ, ಕೊಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತಿರುತ್ತದೆ.

ವಿಡಿಯೋ ನೋಡಿ ಕೊಳ್ಳುವುದಾದರೆ ತಿರುಗುವ ಪೀಠದ ಮೇಲೆ ದೊಡ್ಡದಾಗಿ ತೆಗೆದದ್ದು ಸಾಲದು. ಕಿಟಕಿಯ ಬಳಿ ಬೆರಳ ಮೇಲಿಟ್ಟು ತೆಗೆದದ್ದನ್ನು ಕೇಳಿ.

## ಹಂತ 8: ಅಳತೆ ಮತ್ತು ತೂಕ

ವ್ಯಾಸವನ್ನು ಕನಿಷ್ಠ ನಾಲ್ಕು ಕಡೆ ಅಳೆಯಿರಿ, ಹಳೆಯದು ಪೂರ್ತಿ ದುಂಡಾಗಿರುವುದು ಅಪರೂಪ. ದುಂಡು ಹರಳಿನ ಅಂದಾಜು ಕ್ಯಾರೆಟ್: ಸರಾಸರಿ ವ್ಯಾಸ × ಸರಾಸರಿ ವ್ಯಾಸ × ಎತ್ತರ × 0.0061. ವ್ಯಾಸ 6.4 ಮಿ.ಮೀ., ಎತ್ತರ 4.1 ಮಿ.ಮೀ. ಇದ್ದರೆ ಸುಮಾರು 1.02 ಕ್ಯಾರೆಟ್. ಹೇಳಿದ ತೂಕಕ್ಕೂ ಈ ಲೆಕ್ಕಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬಿಚ್ಚಿ ತೂಗಿಸದೆ ಮುಂದುವರಿಯಬೇಡಿ. ದಿಂಬಿನಾಕಾರಕ್ಕೆ ಈ ಸೂತ್ರ ಇನ್ನೂ ಒರಟು, ರೋಸ್ ಕಟ್‌ಗೆ ಹೊಂದುವುದೇ ಇಲ್ಲ.

ಎತ್ತರವನ್ನು ವ್ಯಾಸದಿಂದ ಭಾಗಿಸಿದರೆ ಆಳದ ಪ್ರಮಾಣ ಸಿಗುತ್ತದೆ. ಮೇಲಿನ ಹರಳಿನದು ಶೇ. 64. ಶೇ. 70 ದಾಟಿದರೆ ನೀವು ಕೊಟ್ಟ ದುಡ್ಡಿನ ಒಂದು ಪಾಲು ಕಣ್ಣಿಗೆ ಕಾಣದ ಬುಡದಲ್ಲಿ ಅಡಗಿದೆ ಎಂದೇ ಅರ್ಥ.

## ಹಂತ 9: ಈಗ ಬಣ್ಣ, ಶುದ್ಧತೆ, ಪತ್ರ

ಬಿಡಿ ಹರಳನ್ನು ಬಿಳಿ ಕಾರ್ಡಿನ ಮಡಿಕೆಯಲ್ಲಿ ಬೋರಲಾಗಿಟ್ಟು ಬದಿಯಿಂದ ಬಣ್ಣ ನೋಡಿ. ಬಣ್ಣದ ದರ್ಜೆ ಡಿ ಅಕ್ಷರದಿಂದ (ಬಣ್ಣವಿಲ್ಲದ್ದು) ಝಡ್ ವರೆಗೆ ಇಳಿಯುತ್ತದೆ. ಹಳೆಯ ಹರಳುಗಳಲ್ಲಿ ಜೆ ಇಂದ ಎಂ ವರೆಗಿನ ಬೆಚ್ಚನೆಯ ಛಾಯೆ ಸಾಮಾನ್ಯ. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಇದಕ್ಕಿಂತ ಬೆಳ್ಳಗಿನದಕ್ಕೆ ಹೆಚ್ಚು ತೆರುವುದರಲ್ಲಿ ಅರ್ಥವಿಲ್ಲ, ಲೋಹದ ಬಣ್ಣ ಹೇಗೂ ಹರಳಿನೊಳಗೆ ಬೀಳುತ್ತದೆ. ಪ್ಲಾಟಿನಂ ಆದರೆ ಛಾಯೆ ಎದ್ದು ಕಾಣುತ್ತದೆ. ಕಂದು ಅಥವಾ ಬೂದಿ ಒಳಛಾಯೆ ಇದ್ದರೆ ಹಗಲಿನಲ್ಲಿ ಮತ್ತೊಮ್ಮೆ ನೋಡಿ.

ಶುದ್ಧತೆಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಬರಿಗಣ್ಣಿಗೆ ಕಾಣುತ್ತದೆಯೇ? ಟೇಬಲ್ ಕೆಳಗಿನ ಕಪ್ಪು ಚುಕ್ಕೆ ಬುಡದ ಮುಖಗಳಲ್ಲಿ ಪ್ರತಿಬಿಂಬಿಸಿ ಐದಾರಾಗಿ ಕಾಣಬಹುದು, ಅಂಥ ಹರಳನ್ನು ಕೊಳ್ಳಬೇಡಿ.

ಪತ್ರದಲ್ಲಿ ಕಟ್‌ನ ಹೆಸರು, ಮಿ.ಮೀ. ಅಳತೆ, ತೂಕ ನಿಮ್ಮ ಟಿಪ್ಪಣಿಯೊಂದಿಗೆ ಹೊಂದುತ್ತವೆಯೇ ನೋಡಿ. ಹಳೆಯ ಕಟ್‌ಗೆ ಜಿಐಎ ಕಟ್ ದರ್ಜೆ ಕೊಡುವುದಿಲ್ಲ. ಆ ಸಾಲು ಇಲ್ಲದಿರುವುದು ಕೊರತೆಯಲ್ಲ. ಉಂಗುರದಲ್ಲಿ ಕೂತಿರುವಾಗಲೇ ಪರೀಕ್ಷಿಸಿದ ಪತ್ರವಾದರೆ ಬಣ್ಣ, ತೂಕ ಎರಡೂ ಅಂದಾಜು.

## ಹಂತ 10: ಉಂಗುರಕ್ಕೆ ಕೂರಿಸುವಾಗ

ಸಿದ್ಧ ಅಚ್ಚಿನ ಕೂರಿಕೆಗಳು ಹೊಸ ಹರಳಿನ ಅಳತೆಗೆ ಮಾಡಿದವು. 6.4 ಮಿ.ಮೀ.ನ ಮೇಲಿನ ಹರಳಿಗೆ ಗರ್ಡಲ್‌ನ ಕೆಳಗೇ ಸುಮಾರು 2.8 ಮಿ.ಮೀ. ಆಳ ಬೇಕು. ಕ್ಯುಲೆಟ್ ಬೆರಳಿಗೆ ತಾಗದಂತೆ ಇನ್ನೂ ಅರ್ಧ ಮಿ.ಮೀ.ನಾದರೂ ಬಿಡಬೇಕು. ಉಂಗುರ ಎತ್ತರವಾಗುತ್ತದೆ, ಅದನ್ನು ಮೊದಲೇ ಒಪ್ಪಿಕೊಳ್ಳಿ.

ಗರ್ಡಲ್ ತೆಳುವಾಗಿದ್ದರೆ ಸುತ್ತ ಲೋಹದ ಅಂಚು ಬರುವ ಬೆಜೆಲ್ ಕೂರಿಕೆಯೇ ಕ್ಷೇಮ. ಉಗುರುಗಳೇ ಬೇಕೆಂದರೆ ನಾಲ್ಕರ ಬದಲು ಆರು ಹಾಕಿಸಿ. ಒತ್ತಡದ ಮೇಲೆ ಹರಳನ್ನು ಹಿಡಿಯುವ ಟೆನ್ಷನ್ ಕೂರಿಕೆ ಬೇಡವೇ ಬೇಡ. ರೋಸ್ ಕಟ್‌ಗೆ ತಗ್ಗಾದ ಬೆಜೆಲ್ ಹೊಂದುತ್ತದೆ, ಆದರೆ ಬುಡದ ಕೆಳಗೆ ಸೋಪಿನ ಕಸ ಸೇರಿದರೆ ಹರಳು ಮಂಕಾಗುವುದರಿಂದ ತೊಳೆಯಲು ದಾರಿ ಇರಲಿ.

ಗಡಿಯಾರದ ನಕ್ಷೆಯನ್ನು ಹರಳು ಕೂರಿಸುವ ಅಕ್ಕಸಾಲಿಗರ ಕೈಗೆ ಕೊಡಿ. ಚಕ್ಕೆ ಎದ್ದ ಜಾಗದ ಮೇಲೆ ಉಗುರು ಬರಬಹುದು, ಬಿರುಕಿನ ಮೇಲೆ ಬರಕೂಡದು: ಉಗುರನ್ನು ಒತ್ತುವಾಗಲೇ ಹರಳು ಸೀಳುವುದು ಅಲ್ಲಿಯೇ. ಗರ್ಡಲ್ ಏರಿಳಿತವಾಗಿರುವುದರಿಂದ ಪ್ರತಿ ಉಗುರಿನ ಕಚ್ಚನ್ನೂ ಬೇರೆ ಬೇರೆ ಎತ್ತರದಲ್ಲಿ ಕೊರೆಯಬೇಕಾಗುತ್ತದೆ, ಎಲ್ಲವನ್ನೂ ಒಂದೇ ಮಟ್ಟದಲ್ಲಿ ಕೊರೆದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಬೆಸುಗೆ ಕೆಲಸವೆಲ್ಲ ಹರಳು ಕೂರಿಸುವ ಮೊದಲೇ ಮುಗಿಯಲಿ.

ಪಕ್ಕದ ಹರಳುಗಳಿಗೂ ಹಳೆಯ ಕಟ್ ಅಥವಾ ಸಿಂಗಲ್ ಕಟ್ ಆರಿಸಿ. ನಡುವಿನದರ ಬಣ್ಣಕ್ಕಿಂತ ಒಂದು ದರ್ಜೆಯಷ್ಟೇ ಆಚೀಚೆ ಇರಲಿ. ಹೊಸ ಕಟ್‌ನ ಬೆಳ್ಳನೆಯ ಚೂರುಗಳ ನಡುವೆ ಬೆಚ್ಚನೆಯ ಹರಳು ಕೊಳೆಯಾದಂತೆ ಕಾಣುತ್ತದೆ.

ಹರಳು ಒಪ್ಪಿಸುವ ಮುಂಚೆ ಅದರ ಒಳಗುರುತುಗಳ ಫೋಟೋ ತೆಗೆದಿಟ್ಟುಕೊಂಡು, ಉಂಗುರ ಕೈಗೆ ಬಂದಾಗ ಹೋಲಿಸಿ. ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ ಕೇಳಿ, ಮರದ ಹಲ್ಲುಕಡ್ಡಿಯಿಂದ ಹರಳನ್ನು ಬದಿಯಿಂದ ಮೆಲ್ಲಗೆ ಒತ್ತಿ. ಸದ್ದು ಬಂದರೆ, ಕೂದಲಷ್ಟು ಅಲುಗಿದರೂ ಸಹ, ಬೆರಳಿಗೆ ಹಾಕದೆ ವಾಪಸು ಕೊಡಿ.